ಬಿಸಿಯೂಟ, ಆಸ್ಪತ್ರೆ, ಲಾಡ್ಜ್‌ನಲ್ಲಿ ಕೆಲಸ ಮಾಡಿದವರು ಹುಬ್ಬಳ್ಳಿಯ ಮನೆಗಳಲ್ಲಿ ಕೆಲಸಕ್ಕೆ ಸೇರೋಕೆ ಏನು ತೋರಿಸಬೇಕು?

ಬೆಟಗೇರಿ ಸಂಘ:

ನಮಸ್ಕಾರ ರೀ. ನಮ್ಮ ಸ್ವಸಹಾಯ ಸಂಘದ ಮೂರು ಮಂದಿ ಹೆಣ್ಮಕ್ಕಳು ಹುಬ್ಬಳ್ಳಿ ಕಡೆ ಮನಿಕೆಲಸ ಹಿಡೀಬೇಕಂತ ಅದಾರ. ಒಬ್ಬಾಕಿ ಸಾಲ್ಯಾಗ ಬಿಸಿಯೂಟದ ಅಡಿಗಿ ಮಾಡಿದಾಕಿ, ಒಬ್ಬಾಕಿ ನರ್ಸಿಂಗ್ ಹೋಮಿನ್ಯಾಗ ಆಯಾ ಇದ್ದಾಕಿ, ಇನ್ನೊಬ್ಬಾಕಿ ಲಾಡ್ಜಿನ್ಯಾಗ ರೂಮ್ ಕ್ಲೀನ್ ಮಾಡ್ತಿದ್ಲು, ಸಂಘದ ಲೆಕ್ಕಾನೂ ಅಕಿನ ಬರೀತಾಳ. ಅಡಿಗಿಯವರು, ವಯಸ್ಸಾದವರನ್ನ ನೋಡ್ಕೊಳ್ಳೋರು, ಪೂರಾ ಮನಿ ಸಂಭಾಳಸೋರು ಬೇಕಂತ ಏಜೆನ್ಸಿಯವರ ಫೋನ್ ಬರ್ತಾವ. ಆದ್ರ ಮೊದಲನೇ ಮಾತು "ಮನಿಯೊಳಗ ಕೆಲಸ ಮಾಡಿದ ಅನುಭವ ಐತೇನು?" ಇವರು ಇಲ್ಲ ಅಂತಾರ, ಅಲ್ಲಿಗೆ ಮುಗೀತು. ಇವರು ಮಾಡಿದ ಕೆಲಸದಾಗ ಮನಿಗೆ ಯಾವುದು ನಡೀತದ, ಯಾವುದು ನಡಿಯೂದಿಲ್ಲ? ಹೊಸದಾಗಿ ಏನು ಕಲೀಬೇಕು? ತಿಳದವರು ಬಿಡಿಸಿ ಹೇಳ್ರಿ.

ಅಡಿಗಿಮನಿ, ಕೇಶ್ವಾಪುರ:

ಅಕ್ಕಾರ, "ಅನುಭವ ಇಲ್ಲ" ಅನ್ನೂ ಮಾತು ಮೊದಲ ಬಿಡಸ್ರಿ. ಬಿಸಿಯೂಟದಾಗ 1ರಿಂದ 5ನೇತ್ತಾ ಹುಡುಗರಿಗೆ ತಲಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬ್ಯಾಳಿ, 50 ಗ್ರಾಂ ಕಾಯಿಪಲ್ಲೆ; 6ರಿಂದ 8ನೇತ್ತಾದವರಿಗೆ 150, 30, 75. ಹಾಜರಿ ನೋಡಿ ತೂಗಿ ತಗದು, ದಾಸ್ತಾನು ಪುಸ್ತಕಕ್ಕ ಹೊಂದಿಸಿ, ಗಂಟಿ ಹೊಡಿಯೂದ್ರಾಗ ಬಡಿಸಿ ಮುಗಿಸಿದಾಕಿಗೆ ನಾಕು ಮಂದಿ ಮನಿಯ ತಿಂಗಳ ಸಂತಿಪಟ್ಟಿ ಏನು ದೊಡ್ಡದು? ಅದನ್ನ ಹಂಗ ಹೇಳಬೇಕು: ದಿನಾ ಎಷ್ಟು ಮಂದಿಗೆ ಅಡಿಗಿ, ತೂಕದ ಲೆಕ್ಕ, ಸ್ಟಾಕ್ ಬುಕ್, ಗ್ಯಾಸ್ ಸುರಕ್ಷತೆ. "ಎಲ್ಲಾ ಮಾಡ್ತೀನ್ರಿ" ಅಂತ ಮಾತ್ರ ಅನಬಾರದು. ಕೇಳಾವ್ರಿಗೆ ಅದರಿಂದ ಏನೂ ತಿಳಿಯೂದಿಲ್ಲ, ಮ್ಯಾಲೆ ಭಾಂಡಿ, ಅರಿವಿ, ಕಸ ಎಲ್ಲಾ ಅದ ಪಗಾರದಾಗ ಬಂದು ಬೀಳ್ತಾವ.

ಕೆಡೂದು ಅಳತಿಯೊಳಗ. ನೂರು ಮಂದಿ ಸಾಂಬಾರನ್ನ 25ರಿಂದ ಭಾಗಿಸಿದ್ರ ನಾಕು ಮಂದಿ ಸಾಂಬಾರ ಆಗೂದಿಲ್ಲ. ಸಣ್ಣ ಪಾತೇಲಿಯೊಳಗ ಇದ್ದಷ್ಟ ನೀರು ಲಗೂನ ಬತ್ತತದ, ಉಪ್ಪು-ಖಾರ ಮುಂದ ಬರ್ತಾವ. ಎರಡು ಚಮಚ ಎಣ್ಣಿ ಒಗ್ಗರಣಿ ದೊಡ್ಡ ಕಡಾಯಿಹಂಗ ಕಾಯೂದಿಲ್ಲ, ಸಾಸವಿ ಸಿಡಿಯೂದ್ರಾಗ ಕರಿಬೇವು ಸೀದಿರ್ತದ. ಕೆಲಸಕ್ಕ ಹೋಗೂ ಮುಂಚೆ ಎಂಟು ದಿನ ತಮ್ಮ ಮನ್ಯಾಗ ಅಕ್ಕಿ 300 ಗ್ರಾಂ, ತೊಗರಿಬ್ಯಾಳಿ 120 ಗ್ರಾಂ ಇಟ್ಕೊಂಡು ರೂಢಿ ಮಾಡ್ಲಿ. ಉಪ್ಪು ಮೊದಲ ಅರ್ಧಾ, ಉಳಿದದ್ದು ಇಳಿಸೂಮುಂದ.

ಟ್ರಯಲ್ ದಿನ ಈ ಕಡೆ ರೊಟ್ಟಿ ಬಡಸಿ ನೋಡೂದು ಇದ್ದದ್ದ. ಜ್ವಾಳಕ್ಕ ಗೋಧಿಹಂಗ ಅಂಟು ಇಲ್ಲ. ಕುದಿಯೂ ನೀರು ಬಿದ್ದಾಗ ಹಿಟ್ಟು ಅರಬರ ಬೆಂದು ಜಿಗಿ ಬರ್ತದ. ನೀರು ಬರೇ ಬೆಚ್ಚಗಿದ್ರ ಬಡಿಯೂಮುಂದ ಅಂಚು ಸೀಳ್ತದ. ಬೀಸಿ ಭಾಳ ದಿನ ಆದ ಹಿಟ್ಟಿಗೂ ಜಿಗಿ ಇರೂದಿಲ್ಲ. ಅದಕ್ಕ "ಹಿಟ್ಟು ಯಾವಾಗ ಬೀಸಿಸೀರಿ?" ಅಂತ ಮೊದಲ ಕೇಳಬೇಕು, ಹಳೇದಿದ್ರ ಒಂದ ರೊಟ್ಟಿಯಷ್ಟು ನಾದಿ ನೋಡಬೇಕು. ಈ ಒಂದು ಪ್ರಶ್ನಾ ಕೇಳಿದ್ರ ಮನಿ ಅಜ್ಜಿಗೆ ಅರ್ಧಾ ಭರೋಸಾ ಬಂತಂತ ತಿಳೀರಿ. ಕೆಜಿ ಹಿಟ್ಟಿಗೆ 15ರಿಂದ 18 ರೊಟ್ಟಿ. ಹಂಚಿಗೆ ಹಾಕಿದ ಕೂಡ್ಲೆ ಮ್ಯಾಲೆ ನೀರಿನ ಅರಿವಿ ಸವರಿ, ನೀರಿನ ಪಸಿ ಪೂರಾ ಆರೂ ಮುಂಚೆ ತಿರುವ್ಬೇಕು.

ಹೊಸದಾಗಿ ಕಲಿಯೂದು ಸ್ವಲ್ಪ ಐತಿ. ಇಂಡಕ್ಷನ್ ಒಲಿಗೆ ಪಾತ್ರಿ ತಳಕ್ಕ ಅಯಸ್ಕಾಂತ ಹತ್ತಬೇಕು, ಬರೇ ಅಲ್ಯೂಮಿನಿಯಂ ನಡಿಯೂದಿಲ್ಲ. ಮೈಕ್ರೋವೇವಿನ್ಯಾಗ ಸ್ಟೀಲ್ ಡಬ್ಬಿ, ಸಿಪ್ಪಿ ಸಮೇತ ತತ್ತಿ ಇಡಬಾರದು. ಜೈನರ ಮನಿ ಆದ್ರ ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ, ಗಜ್ಜರಿ ಇಲ್ಲ, ಭಾಳ ಮನ್ಯಾಗ ಹೊತ್ತು ಮುಳುಗೂ ಮುಂಚೆ ಊಟ. ಇದನ್ನೆಲ್ಲಾ ಫೋನಿನ್ಯಾಗ ಕೇಳ್ಕೊಂಡ ಹೋಗಬೇಕು, ಅವರ ಅಡಿಗಿಕಟ್ಟಿ ಮುಂದ ನಿಂತು ಅಲ್ಲ.

ವಾರ್ಡ್ ಡ್ಯೂಟಿ, ಧಾರವಾಡ:

ಮೂವರಲ್ಲಿ ಆಯಾ ಕೆಲಸ ಮಾಡಿದವರ ದಾರಿ ಸಲೀಸು. ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು, ಸ್ಪಂಜ್ ಸ್ನಾನ, ಮಲಗಿದವರನ್ನು ಎಬ್ಬಿಸದೆ ಬೆಡ್‌ಶೀಟ್ ಬದಲಿಸುವುದು, ಡೈಪರ್ ಹಾಕುವುದು, ಮೂತ್ರದ ಚೀಲ ಖಾಲಿ ಮಾಡಿ ಅಳತೆ ಬರೆಯುವುದು: "ಸೇವೆ ಮಾಡ್ತೀನಿ" ಅನ್ನುವ ಬದಲು ಇವನ್ನೇ ಒಂದೊಂದಾಗಿ ಹೇಳಲಿ. ಮೂತ್ರದ ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗೆ ತೂಗಬೇಕು, ಮೂರರಲ್ಲಿ ಎರಡು ಪಾಲು ತುಂಬುವುದರೊಳಗೆ ಖಾಲಿ ಮಾಡಬೇಕು. ಹೀಗೆ ಬಿಡಿಸಿ ಹೇಳಿದರೆ ವಿದೇಶದಿಂದ ವಿಡಿಯೋ ಕಾಲ್‌ನಲ್ಲಿ ಸಂದರ್ಶನ ಮಾಡುವ ಮಗನಿಗೂ ಇವರು ಬಲ್ಲವರು ಎಂದು ತಿಳಿಯುತ್ತದೆ.

ಆದರೆ ಆಸ್ಪತ್ರೆಯಲ್ಲಿ ಕೂಗಿದರೆ ಸಿಸ್ಟರ್ ಬರುತ್ತಾರೆ, ಮನೆಯಲ್ಲಿ ಯಾರೂ ಇಲ್ಲ. ಆಯಾ ಕೆಲಸದಲ್ಲಿ ಸಾಮಾನ್ಯವಾಗಿ ಕೈಗೆ ಬಾರದ ಎರಡು ಯಂತ್ರಗಳನ್ನು ಕಲಿಯಲೇಬೇಕು. ಬಿಪಿ ಮಷೀನು: ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕೂರಿಸಿ, ಪಟ್ಟಿ ಕಟ್ಟಿದ ತೋಳು ಎದೆಯ ಮಟ್ಟದಲ್ಲಿರಬೇಕು, ಅರ್ಧ ತಾಸಿನೊಳಗೆ ಚಹಾ ಕುಡಿದಿರಬಾರದು. ನೈಟಿ ತೋಳಿನ ಮೇಲೆಯೇ ಪಟ್ಟಿ ಕಟ್ಟಿ, ಮಾತಾಡಿಸುತ್ತ ನೋಡಿದರೆ ಅಂಕಿ ಸುಳ್ಳು ಬರುತ್ತದೆ. ಗ್ಲುಕೋಮೀಟರು: ಕೈ ತೊಳೆದು ಒರೆಸಿ, ಬೆರಳ ತುದಿಯ ಬದಿಗೆ ಚುಚ್ಚಬೇಕು. ಮಾವಿನಹಣ್ಣು ತಿಂದ ಕೈ ತೊಳೆಯದೆ ಚುಚ್ಚಿದರೆ ಶುಗರ್ ಇಲ್ಲದವರಿಗೂ ಶುಗರ್ ತೋರಿಸೀತು! ಸ್ಟ್ರಿಪ್ ಡಬ್ಬಿಯ ಮುಚ್ಚಳ ಬಿಗಿ ಇರಲಿ, ಅವಧಿ ನೋಡಲಿ.

ಶುಗರ್ 70ಕ್ಕಿಂತ ಕೆಳಗೆ ಬಂದು ರೋಗಿಗೆ ಎಚ್ಚರವಿದ್ದು ನುಂಗಲು ಬಂದರೆ ಮೂರು ಚಹಾಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕೊಟ್ಟು, 15 ನಿಮಿಷಕ್ಕೆ ಮತ್ತೆ ನೋಡಬೇಕು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬಾರದು, ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್. ಬಾಯಿ ಸೊಟ್ಟ, ಒಂದು ಕೈ ಎತ್ತಲಾಗದು, ಮಾತು ತೊದಲು: ಇವುಗಳಲ್ಲಿ ಒಂದು ಕಂಡರೂ ಮಗಳು ಬರಲಿ ಎಂದು ಕಾಯದೆ 108. ಉಣಿಸುವಾಗ ನೆಟ್ಟಗೆ ಕೂರಿಸಿ, ಉಂಡ ಮೇಲೂ ಅರ್ಧ ತಾಸು ಮಲಗಿಸಬಾರದು.

ಗೆರೆ ಎಲ್ಲಿ ಎಂಬುದನ್ನೂ ಮೊದಲೇ ಹೇಳಲಿ. ಇಂಜೆಕ್ಷನ್ ಕೊಡುವುದು, ಕ್ಯಾಥೆಟರ್ (ಮೂತ್ರದ ನಳಿಗೆ) ಅಥವಾ ಮೂಗಿನ ನಳಿಗೆ ಹಾಕುವುದು, ಇನ್ಸುಲಿನ್ ಎಷ್ಟೆಂದು ತೀರ್ಮಾನಿಸುವುದು ಆಯಾ ಕೆಲಸವಲ್ಲ. "ನರ್ಸ್ ಪಗಾರ ಉಳಿಸೋಣ" ಎಂದು ಮನೆಯವರು ಒತ್ತಾಯಿಸುತ್ತಾರೆ, ಹೆಚ್ಚುಕಡಿಮೆ ಆದರೆ ತಲೆ ಕೊಡುವವರು ಇವರು. ಒಂದು 200 ಪುಟದ ನೋಟ್‌ಬುಕ್ಕಿನಲ್ಲಿ ದಿನಾ ಗುಳಿಗೆ ಕೊಟ್ಟ ಹೊತ್ತು, ಬಿಪಿ, ನೀರು-ಊಟ, ಮಲ-ಮೂತ್ರ, ಮಗ್ಗುಲು ಬದಲಿಸಿದ ಹೊತ್ತು ಬರೆದರೆ ಡಾಕ್ಟರಿಗೂ ಅನುಕೂಲ, ಇವರಿಗೂ ಕಾವಲು.

ಮನಿವಾರ್ತಿ, ಗೋಕುಲ್ ರೋಡ್:

ಲಾಡ್ಜ್ ಕೆಲಸದವರ ಕ್ಲೀನಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅವರಿಗೆ ಬರುತ್ತೆ: ಮೇಲಿಂದ ಕೆಳಕ್ಕೆ, ಒಳಗಿಂದ ಬಾಗಿಲಿಗೆ, ಬಾತ್‌ರೂಮ್ ಬಟ್ಟೆ ಬೇರೆ. ಎರಡು ಎಚ್ಚರಿಕೆ ಸಾಕು. ಲಾಡ್ಜಿನ ಟೈಲ್ಸ್ ಮೇಲೆ ನಡೆದ ಆ್ಯಸಿಡ್ ಮನೆಯ ಮಾರ್ಬಲ್ ಮೇಲೆ ಬಿದ್ದರೆ ಹೊಳಪು ಹೋಯಿತು, ಮತ್ತೆ ಪಾಲಿಶ್ ಮಾಡಿಸದೆ ಬರುವುದಿಲ್ಲ; ನಿಂಬೆಹುಳಿಯೂ ಅಷ್ಟೇ. ಬ್ಲೀಚಿಂಗ್ ಪುಡಿ ಮತ್ತು ಆ್ಯಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಒಂದೇ ಸಲ ಸುರಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಮುಚ್ಚಿದ ಬಾತ್‌ರೂಮಿನಲ್ಲಿ ಉಸಿರು ಕಟ್ಟುತ್ತದೆ.

ನಾನಾಗಿದ್ದರೆ ಅವರನ್ನು ಕ್ಲೀನಿಂಗಿಗೆ ಕಳಿಸುವುದೇ ಇಲ್ಲ. ಸಂಘದ ಲೆಕ್ಕ ಬರೆಯುವಾಕಿ ಪೂರಾ ಮನೆ ನೋಡಿಕೊಳ್ಳುವ ಕೆಲಸಕ್ಕೆ ಹೋಗಬೇಕು. ಅದರಲ್ಲಿ ಮುಖ್ಯ ಕೈಖರ್ಚಿನ ಹಣ. ಉದಾಹರಣೆಗೆ ₹5,000 ಮುಂಗಡ ಕೊಡುತ್ತಾರೆ. ದಿನಾಂಕ, ಯಾರಿಗೆ, ಎಷ್ಟು, ಉಳಿದದ್ದು ಎಂಬ ನಾಲ್ಕು ಕಾಲಮ್ಮು, ಚೀಟಿ ಪಿನ್ ಮಾಡುವುದು, ₹1,000ಕ್ಕೆ ಇಳಿದಾಗ ಲೆಕ್ಕ ತೋರಿಸಿ ಮತ್ತೆ ತುಂಬಿಸಿಕೊಳ್ಳುವುದು. ಸಂತೆಯ ಕಾಯಿಪಲ್ಲೆಗೆ ಚೀಟಿ ಸಿಗಲ್ಲ, ಅದನ್ನು ಅದೇ ದಿನ ಬರೆದು ಸಹಿ ಹಾಕಿಸಬೇಕು, ವಾರಕ್ಕೊಮ್ಮೆ ಎಂದರೆ ಜಗಳವೇ. ಸಂಘದ ನಗದು ಪುಸ್ತಕದ ಒಂದು ಪುಟ, ಸದಸ್ಯರ ಹೆಸರು ಮುಚ್ಚಿ ಫೋಟೋ ತೆಗೆದು ತೋರಿಸಿದರೆ ಸರ್ಟಿಫಿಕೇಟಿಗಿಂತ ಮೇಲು.

ಎರಡನೆಯದು ನೀರು. ಹುಬ್ಬಳ್ಳಿ-ಧಾರವಾಡ ಅವಳಿನಗರದಲ್ಲಿ ದಿನಾ ನಳ ಬಾರದ ವಾರ್ಡುಗಳು ಇನ್ನೂ ಇವೆ. ನೀರು ಬಿಟ್ಟ ಹೊತ್ತು ಸಂಪ್ ತುಂಬಿಸಿ, ಮೋಟರ್ ಹಚ್ಚಿ ಮೇಲಿನ ಟಾಕಿಗೆ ಏರಿಸಿ, ನೀರು ಹೊರಚೆಲ್ಲುವ ಮೊದಲು ಬಂದ್ ಮಾಡುವುದು ಮನೆ ನೋಡಿಕೊಳ್ಳುವವರ ದೊಡ್ಡ ಕೆಲಸ. ಸಂಪಿನಲ್ಲಿ ನೀರಿಲ್ಲದಾಗ ಮೋಟರ್ ಓಡಿದರೆ ಸೀಲ್ ಸುಟ್ಟು ಹೋಗುತ್ತದೆ. ಲಾಡ್ಜಿನಲ್ಲಿ ಇದನ್ನು ಮಾಡಿದ್ದರೆ ಮೊದಲು ಅದನ್ನೇ ಹೇಳಲಿ. ಇನ್ನು ಆರ್‌ಒ ಫಿಲ್ಟರ್, ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್, ಗ್ಯಾಸ್ ಬುಕಿಂಗ್, ಇವುಗಳ ದಿನಾಂಕ ಒಂದು ಗೋಡೆ ಕ್ಯಾಲೆಂಡರಿನಲ್ಲಿ.

ಹಾಂ, ಮನೆಯ ಒಳಗಿನ ಫೋಟೋ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವುದು ಮೂರೂ ಮಂದಿಗೆ ನಿಷಿದ್ಧ. ಕೆಲಸ ಹೋಗುವುದು ಅಡುಗೆ ಕೆಟ್ಟದ್ದಕ್ಕಿಂತ ಇದಕ್ಕೇ ಬೇಗ.

ಬೆಟಗೇರಿ ಸಂಘ:

ಭಾಳ ಉಪಕಾರ ಆತ್ರಿ. ಪಗಾರ, ಕಾಗದಪತ್ರ ಹೆಂಗ? ಒಂದು ಏಜೆನ್ಸಿಯವರು ಮೂಲ ಆಧಾರ್, ಮಾರ್ಕ್ಸ್ ಕಾರ್ಡ್ ಇಟ್ಕೋತೀವಿ ಅಂತಾರ. ಕೋರ್ಸ್ ಮಾಡಿಸಬೇಕೇನು?

ಕಾರ್ಮಿಕ ಲೆಕ್ಕ:

ಮೂಲ ದಾಖಲೆ ಯಾರಿಗೂ ಬೇಡ. ಜೆರಾಕ್ಸ್ ಕೊಡಿ, ಅದರ ಮೇಲೆ ಅಡ್ಡಲಾಗಿ "ಮನೆಕೆಲಸದ ಪರಿಶೀಲನೆಗೆ ಮಾತ್ರ" ಎಂದು ದಿನಾಂಕ ಸಮೇತ ಬರೆಯಿರಿ.

ಕೋರ್ಸು ಅಡುಗೆಗೆ ಬೇಡ. ಆಯಾ ಇದ್ದವರಿಗೆ ಜನರಲ್ ಡ್ಯೂಟಿ ಅಸಿಸ್ಟೆಂಟ್ (ರೋಗಿಗಳ ಆರೈಕೆ ಸಹಾಯಕರ) ತರಬೇತಿ ಆಗಿದ್ದರೆ ಪಗಾರದ ಮಾತಿಗೆ ಬಲ. ಅವರಿಗೆ ಪಿಎಫ್ ಕಟ್ಟಿದ್ದರೆ ಪಾಸ್‌ಬುಕ್ ಡೌನ್‌ಲೋಡ್ ಮಾಡಿಸಿ: ಸಂಸ್ಥೆಯ ಹೆಸರು, ತಿಂಗಳು ಎಲ್ಲಾ ಇರುವುದರಿಂದ ಅನುಭವಕ್ಕೆ ಅದೇ ಸಾಕ್ಷಿ. ಬಿಸಿಯೂಟದವರು ಮುಖ್ಯೋಪಾಧ್ಯಾಯರಿಂದ ನಾಲ್ಕು ಸಾಲಿನ ಪತ್ರ ತರಲಿ, ಮಕ್ಕಳ ಸಂಖ್ಯೆ ಮತ್ತು ವರ್ಷ ಅದರಲ್ಲಿರಬೇಕು.

ಕರ್ನಾಟಕ 2004ರಲ್ಲೇ ಮನೆಕೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿದೆ. ತುಟ್ಟಿಭತ್ಯೆ ಏಪ್ರಿಲ್‌ನಲ್ಲಿ ಬದಲಾಗುತ್ತದೆ, ಈಗಿನ ದರ ಕಾರ್ಮಿಕ ಇಲಾಖೆಯ ವೆಬ್‌ಸೈಟಿನಲ್ಲಿ ನೋಡಿ ಹೋಗಿ. ಇ-ಶ್ರಮ್ (ಅಸಂಘಟಿತ ಕಾರ್ಮಿಕರಿಗೆ ಕೇಂದ್ರ ಸರ್ಕಾರದ ಪಟ್ಟಿ) ನೋಂದಣಿ ಪುಕ್ಕಟೆ, 16ರಿಂದ 59 ವಯಸ್ಸು, ಪಿಎಫ್-ಇಎಸ್‌ಐ ಸದಸ್ಯತ್ವ ಇರಬಾರದು, ಸಹಾಯವಾಣಿ 14434. ಲೈಂಗಿಕ ಕಿರುಕುಳ ಆದರೆ 2013ರ ಕಾಯ್ದೆ ಪ್ರಕಾರ ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬಹುದು, ಮನೆಕೆಲಸದವರಿಗೂ ಅದು ಅನ್ವಯ.

ಸೇರುವ ಮುಂಚೆ ಒಂದು ಹಾಳೆಯಲ್ಲಿ ಕೆಲಸದ ಪಟ್ಟಿ, ಹೊತ್ತು, ವಾರದ ರಜೆ, ಪಗಾರದ ದಿನಾಂಕ, ಟ್ರಯಲ್ ದಿನದ ಕೂಲಿ ಬರೆಸಿ ಇಬ್ಬರೂ ಸಹಿ ಹಾಕಿ. ಅಲ್ಲೇ ಉಳಿಯುವ ಕೆಲಸವಾದರೆ ಮಲಗುವ ಕೋಣೆಗೆ ಒಳಗಿಂದ ಚಿಲಕ ಇದೆಯೇ ಎಂದು ಹೋಗಿ ನೋಡಿಕೊಂಡೇ ಹೂಂ ಅನ್ನಿ.