ಹೃದಯದ ಮಿಕ್ಸೋಮಾದಿಂದ ಪಾರ್ಶ್ವವಾಯು: ಶಸ್ತ್ರಚಿಕಿತ್ಸೆಗೆ ಕಾಯಬಹುದೇ?

ಗುಬ್ಬಿಯಿಂದ ಪ್ರಶ್ನೆ: ತಂದೆಯವರಿಗೆ ಕಳೆದ ವಾರ ಪಾರ್ಶ್ವವಾಯು ಆಯಿತು. ಎಕೋ ಪರೀಕ್ಷೆಯಲ್ಲಿ ಎಡ ಹೃತ್ಕರ್ಣದೊಳಗೆ (ಹೃದಯದ ಎಡಭಾಗದ ಮೇಲಿನ ಕೋಣೆ) 4 ಸೆಂ.ಮೀ. ಮಿಕ್ಸೋಮಾ, ಅಂದರೆ ಲೋಳೆಯಂತಹ ಗಡ್ಡೆ, ಕಂಡಿದೆ. ಅದರ ಚೂರು ಕಳಚಿ ಮೆದುಳಿನ ರಕ್ತನಾಳ ಮುಚ್ಚಿದೆಯಂತೆ. ತಕ್ಷಣ ತೆಗೆಸಿ ಎಂದು ಒಬ್ಬ ವೈದ್ಯರೂ, ಕೆಲವು ವಾರ ಕಾಯಿರಿ ಎಂದು ಇನ್ನೊಬ್ಬರೂ ಹೇಳುತ್ತಿದ್ದಾರೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಶಿರಾದಿಂದ: ನನ್ನ ಪತ್ನಿಗೆ ಆಗ 38 ವರ್ಷ, ಬಿ.ಪಿ., ಸಕ್ಕರೆ ಕಾಯಿಲೆ ಯಾವುದೂ ಇರಲಿಲ್ಲ. ಬೆಳಿಗ್ಗೆ 5.20ಕ್ಕೆ ಹಾಲು ಕರೆಯುತ್ತಿದ್ದಾಗ ಬಲಗೈ ಜೋತುಬಿದ್ದು ಮಾತು ನಿಂತಿತು. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ನಿಶ್ಶಕ್ತಿ ಎಂದು ಗ್ಲೂಕೋಸ್ ಹಾಕಿ ಎರಡೂವರೆ ಗಂಟೆ ಮಲಗಿಸಿದರು. ಅದನ್ನು ನಾನು ಇಂದಿಗೂ ಕ್ಷಮಿಸಿಲ್ಲ. ನೆಲಮಂಗಲ ದಾಟಿ ಬೆಂಗಳೂರು ಸೇರುವಷ್ಟರಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದಿಗಿರುವ ನಾಲ್ಕೂವರೆ ಗಂಟೆಯ ಅವಧಿ ಮುಗಿದಿತ್ತು. ತೊಡೆಸಂದಿನ ರಕ್ತನಾಳದ ಮೂಲಕ ಕೊಳವೆ ಹಾಯಿಸಿ ಮೆದುಳಿನ ಅಡಚಣೆಯನ್ನು ಎಳೆದು ತೆಗೆದರು. ಬಂದದ್ದು ಬರಿಯ ರಕ್ತದ ಹೆಪ್ಪಲ್ಲ, ಲೋಳೆಯಂತಹ ಗಡ್ಡೆಯ ಚೂರು ಎಂದು ಲ್ಯಾಬ್ ವರದಿ ಹೇಳಿತು. ಆಂಬುಲೆನ್ಸಿಗೆ 7,500, ಎಂ.ಆರ್.ಐ.ಗೆ 9,000, ಹೆಪ್ಪು ತೆಗೆದದ್ದಕ್ಕೆ 4,80,000, ಒಂಬತ್ತನೆಯ ದಿನದ ಹೃದಯ ಶಸ್ತ್ರಚಿಕಿತ್ಸೆಗೆ 3,60,000 ರೂಪಾಯಿ. ಎರಡು ಹಸುಗಳನ್ನೂ ಮಾರಿದೆವು. ಕಾಯುವುದೆಂದರೆ ಇನ್ನೊಂದು ಚೂರು ಕಳಚಲಿ ಎಂದು ಬಿಟ್ಟಂತೆ.

ಚಿಂತಾಮಣಿಯಿಂದ: ಶಿರಾದವರೇ, ನಿಮ್ಮ ನೋವು ಅರ್ಥವಾಗುತ್ತದೆ, ಆದರೆ ಅದನ್ನೇ ಎಲ್ಲರಿಗೂ ನಿಯಮ ಮಾಡಬೇಡಿ. ನನ್ನ ತಮ್ಮನಿಗೂ ಇದೇ ಗಡ್ಡೆಯಿಂದ ಪಾರ್ಶ್ವವಾಯು ಆಗಿ, ಮೆದುಳಿನ ಹಾನಿಯಾದ ಭಾಗದಲ್ಲಿ ರಕ್ತಸ್ರಾವವಾಗಿತ್ತು. ಶಸ್ತ್ರಚಿಕಿತ್ಸೆಗಾಗಿ ಹೃದಯ ನಿಲ್ಲಿಸಿ, ಅದರ ಬದಲು ರಕ್ತ ಹರಿಸುವ ಯಂತ್ರಕ್ಕೆ ಜೋಡಿಸುವಾಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಡಲೇಬೇಕಾದ್ದರಿಂದ, ಆ ಸ್ರಾವ ಉಲ್ಬಣಿಸಬಹುದೆಂದು ವೈದ್ಯರು ಹೆದರಿದರು. ನಾವು ನಾಲ್ಕು ವಾರ ಕಾದೆವು.

ಶಿರಾದಿಂದ: ನಿಮ್ಮ ತಮ್ಮನಿಗೆ ನಡುವೆ ಏನೂ ಆಗಲಿಲ್ಲ, ಆದ್ದರಿಂದ ಹೀಗೆ ಹೇಳುತ್ತೀರಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗಿದರೂ ಗಡ್ಡೆ ಚೂರಾಗುವುದು ನಿಲ್ಲುವುದಿಲ್ಲ.

ಚಿಂತಾಮಣಿಯಿಂದ: ಏನೂ ಆಗಲಿಲ್ಲವೆಂದು ನಿಮಗೆ ಹೇಳಿದವರು ಯಾರು? ಹದಿನೇಳನೆಯ ದಿನ ಇನ್ನೊಂದು ಚೂರು ಕಳಚಿ ಅವನ ಎಡಗಣ್ಣಿನ ದೃಷ್ಟಿ ಹೋಯಿತು. ಅಷ್ಟಾದರೂ ಕಾದದ್ದು ಸರಿಯೆಂದೇ ಹೇಳುತ್ತೇನೆ, ಏಕೆಂದರೆ ಅವನು ಬದುಕಿದ್ದಾನೆ.

ಮಾಲೂರಿನಿಂದ: ನನ್ನ ತಾಯಿಯ ಶಸ್ತ್ರಚಿಕಿತ್ಸೆ ಆಯುಷ್ಮಾನ್ ಯೋಜನೆಯಲ್ಲಿ ಆಯಿತು, ನಮ್ಮ ಕೈಯಿಂದ ಹೋದದ್ದು 41,000 ಮಾತ್ರ. ಬಿ.ಪಿ.ಎಲ್. ಕಾರ್ಡ್ ಇದ್ದವರು ಹಸು ಮಾರುವ ಮೊದಲು ವಿಚಾರಿಸಬೇಕಿತ್ತು.

ಶಿರಾದಿಂದ: ಮಾತು ನಿಂತ ಹೆಂಡತಿಯನ್ನು ಮಡಿಲಲ್ಲಿ ಮಲಗಿಸಿಕೊಂಡವನಿಗೆ ಈ ಮಾತು ಹೇಳಬೇಡಿ ತಾಯಿ. ಗಡ್ಡೆ ಮರಳಿ ಬೆಳೆಯಬಹುದೆಂದು ವರ್ಷಕ್ಕೊಮ್ಮೆ ಎಕೋ ಮಾಡಿಸುತ್ತಿದ್ದೇವೆ. ಈ ವರ್ಷದ್ದು ಬರುವ ಸೋಮವಾರ.