ಸಹಾಯ ಬೇಕು: ಕಡಲೆ ಹೊಲಕ್ಕೆ ಕೃಷ್ಣಮೃಗಗಳ ಕಾಟ

ಯಲಬುರ್ಗಾ ತಾಲ್ಲೂಕಿನ ನಮ್ಮ ಎರೆ ಹೊಲದಲ್ಲಿ ಕಡಲೆ ಬಿತ್ತಿದ್ದೇವೆ. ನಸುಕಿನಲ್ಲಿ ಕೃಷ್ಣಮೃಗಗಳ ಹಿಂಡು ನುಗ್ಗಿ ಎಳೆಯ ಕುಡಿಗಳನ್ನು ಕತ್ತರಿಸಿದಂತೆ ಮೇಯುತ್ತಿದೆ. ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ಅಮೆರಿಕದಲ್ಲಿರುವ ಸೋದರಮಾವನ ಮಗ ಪರವಾನಗಿ ಪಡೆದು ಜಿಂಕೆ ಬೇಟೆಯಾಡಿ, ಮಾಂಸವನ್ನು ಫ್ರೀಜರ್‌ನಲ್ಲಿ ತುಂಬಿಡುತ್ತಾನೆ. ‘ನೀವೂ ಒಂದೆರಡು ಹೊಡೆಯಿರಿ’ ಎನ್ನುತ್ತಾನೆ. ಅವನಿಗೇನು! ಇಲ್ಲಿ ಇದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ. ಕೊಂದರೆ ಕನಿಷ್ಠ 3 ವರ್ಷ ಜೈಲು. ಹಾಗಾಗಿ ಉರುಳು, ಕರೆಂಟ್ ತಂತಿಯ ಸಲಹೆ ಯಾರೂ ಕೊಡಬೇಡಿ.

ಬದುವಿಗೆ ಕಟ್ಟಿದ ಹಳೆಯ ಸೀರೆಗಳಿಗೆ ಅವು ಈಗ ಹೆದರುತ್ತಿಲ್ಲ. ಸೌರ ಬೇಲಿ ಹಾಕಿಸಿದವರಿದ್ದರೆ ಎಕರೆಗೆ ಎಷ್ಟು ಖರ್ಚಾಯಿತು, ಜಿಗಿಯುವ ಈ ಪ್ರಾಣಿಗಳನ್ನು ಅದು ನಿಜಕ್ಕೂ ತಡೆಯುತ್ತದೆಯೇ, ತಿಳಿಸಿ. ಅರಣ್ಯ ಇಲಾಖೆಯ ಬೆಳೆ ಪರಿಹಾರದ ಅರ್ಜಿಗೆ ಪಹಣಿ, ಫೋಟೋ ಬಿಟ್ಟು ಇನ್ನೇನು ಬೇಕು?