ಪದಚರ್ಚೆ: ಖಿನ್ನತೆ ಮಾತ್ರೆಯ 'ಸೈಡ್ ಎಫೆಕ್ಟ್'ಗಳಿಗೆ ನಿಮ್ಮ ಕಡೆ ಏನು ಮಾತು?

ಗೆಳೆಯರಿಗೆಲ್ಲ ನಮಸ್ಕಾರ.

ಹಾಸನದಲ್ಲಿ ಔಷಧಿ ಅಂಗಡಿ ನಡೆಸುತ್ತೇನೆ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರ ಕೈಗೆ ಕೊಡಲು ಒಂದು ಪುಟದ ಕನ್ನಡ ಹಾಳೆ ಬರೆಯುತ್ತಿದ್ದೇನೆ. ಮಾತ್ರೆಯಿಂದ ಏನೇನು ಆಗಬಹುದು, ಯಾವುದಕ್ಕೆ ಸುಮ್ನೆ ನಾಲ್ಕು ದಿನ ಕಾಯಬಹುದು, ಯಾವುದಕ್ಕೆ ಕೂಡಲೇ ಡಾಕ್ಟರ ಹತ್ತಿರ ಹೋಗಬೇಕು, ಇಷ್ಟೇ ವಿಷಯ. ಪರಿಚಯದ ಮನೋವೈದ್ಯರೊಬ್ಬರು ನೋಡಿ ತಿದ್ದಿಕೊಡುತ್ತೇನೆ ಎಂದಿದ್ದಾರೆ. ಹಾಗಾಗಿ ಔಷಧಿಯ ತಪ್ಪು ಒಪ್ಪು ಅವರಿಗೆ ಸೇರಿದ್ದು. ಪದಗಳ ಕಷ್ಟವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ದೊಡ್ಡ ಪದವನ್ನೇ ನೋಡೋಣ. ಪತ್ರಿಕೆಗಳಲ್ಲಿ ಮೂರು ಓಡಾಡುತ್ತಿವೆ: ಪಾರ್ಶ್ವ ಪರಿಣಾಮ, ದುಷ್ಪರಿಣಾಮ, ಅಡ್ಡಪರಿಣಾಮ. ಮೊದಲನೆಯದನ್ನು ನಾನು ಆಗಲೇ ಕೈಬಿಟ್ಟೆ. ನಮ್ಮ ಜನಕ್ಕೆ 'ಪಾರ್ಶ್ವ' ಅಂದರೆ ಪಾರ್ಶ್ವವಾಯು. (ಶ್ರವಣಬೆಳಗೊಳದ ಕಡೆಯವರಿಗೆ ಪಾರ್ಶ್ವನಾಥರು ನೆನಪಾಗಬಹುದು, ಅದು ಬೇರೆ ಮಾತು.) ಮಾತ್ರೆ ನುಂಗಿದರೆ ಲಕ್ವ ಹೊಡೆಯುತ್ತದಂತೆ ಅಂತ ಯಾರಾದರೂ ಓದಿಕೊಂಡರೆ ನನ್ನ ಹಾಳೆಯೇ ಒಂದು ಪೀಡೆಯಾಗುತ್ತದೆ.

ದುಷ್ಪರಿಣಾಮದ ಮೇಲೆ ನನಗೆ ಬೇರೆ ತಕರಾರಿದೆ. ಅದರಲ್ಲಿ ತೀರ್ಪು ಮೊದಲೇ ಬರೆದುಬಿಟ್ಟಿದೆ. ಔಷಧಿಯ ಪಕ್ಕದ ಕೆಲಸ ಯಾವಾಗಲೂ ಕೆಟ್ಟದ್ದೇ ಆಗಿರಬೇಕಿಲ್ಲ. ಖಿನ್ನತೆಗೆ ಔಷಧಿ ಸಿಕ್ಕಿದ್ದೇ ಹಾಗೆ ಅಲ್ವಾ? 1950ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಕ್ಷಯ ರೋಗಿಗಳಿಗೆ ಐಪ್ರೊನಿಯಾಜಿಡ್ ಎಂಬ ಔಷಧಿ ಕೊಟ್ಟು ನೋಡಿದರು. ಹಾಸಿಗೆ ಹಿಡಿದಿದ್ದವರು ಗೆಲುವಾದರು, ಮಾತು ಶುರು ಮಾಡಿದರು, ಹೊಟ್ಟೆ ತುಂಬ ಉಂಡರು. ಕ್ಷಯದ ಔಷಧಿಗೆ ಅದು ಅಡ್ಡ ಕೆಲಸ. ಅದನ್ನೇ ಹಿಡಿದು ಮನಸ್ಸಿನ ಕಾಯಿಲೆಗೆ ಕೊಡಲು ಶುರು ಮಾಡಿದರು. ಮುಂದೆ ಲಿವರ್‌ಗೆ ಪೆಟ್ಟು ಬೀಳುತ್ತದೆ ಎಂದು ಅದನ್ನು ಬಿಡಬೇಕಾಯಿತು. ಈಗಲೂ ಮಿರ್ಟಾಜಪಿನ್ ಎಂಬ ಖಿನ್ನತೆ ಮಾತ್ರೆ ನಿದ್ದೆ ಬರಿಸುತ್ತದೆ, ಹಸಿವು ಹೆಚ್ಚಿಸುತ್ತದೆ, ತೂಕ ಏರಿಸುತ್ತದೆ. ದಪ್ಪಗಿರುವವರಿಗೆ ಅದು ತೊಂದರೆ. ಊಟ ಬಿಟ್ಟು, ನಿದ್ದೆ ಕೆಟ್ಟು ಕಡ್ಡಿಯಾದವರಿಗೆ ಡಾಕ್ಟರು ಬೇಕೆಂದೇ ಬರೆಯುತ್ತಾರೆ. ಇದಕ್ಕೆ 'ದುಷ್' ಹೇಗೆ ಹಚ್ಚುವುದು?

ಹಾಗಾಗಿ ಅಡ್ಡಪರಿಣಾಮವೇ ಇರಲಿ ಅನ್ನಿಸಿದೆ. ಅಡ್ಡದಾರಿಯಲ್ಲಿ 'ಅಡ್ಡ' ಕೆಟ್ಟದ್ದು ನಿಜ, ಆದರೆ ಅಡ್ಡಹೆಸರಿನಲ್ಲಿ ಅದು ಬರೀ ಇನ್ನೊಂದು. ಎರಡೂ ಅರ್ಥಕ್ಕೆ ಜಾಗ ಇದೆ. ಯಾರಿಗಾದರೂ ಆಕ್ಷೇಪವಿದ್ದರೆ ಹೇಳಿ.

ಆದರೆ ಕೌಂಟರಿನ ಆಚೆ ನಿಂತವರು ಈ ಮೂರರಲ್ಲಿ ಒಂದನ್ನೂ ಹೇಳುವುದಿಲ್ಲ. 'ಸೈಡ್ ಎಫೆಕ್ಟ್ ಇದ್ಯಾ?' ಎಂದು ಕೇಳುವವರು ಓದಿದವರು. ಉಳಿದವರದು 'ಈ ಮಾತ್ರೆ ಹೀಟಾ ಅಣ್ಣ?' ಬಾಯಿ ಒಣಗಿದರೆ ಹೀಟು, ಮಲ ಕಟ್ಟಿದರೆ ಹೀಟು, ಬೆವರು ಬಂದರೆ ಹೀಟು, ಉರಿ ಮೂತ್ರವೂ ಹೀಟು. ಅಮಿಟ್ರಿಪ್ಟಿಲಿನ್‌ನಂಥ ಹಳೇ ಮಾತ್ರೆಗಳಲ್ಲಿ ಬಾಯಿ ಒಣಗುವುದು, ಮಲಬದ್ಧತೆ, ಕಣ್ಣು ಮಂಜಾಗುವುದು, ಮೂತ್ರ ಕಟ್ಟಿಕೊಳ್ಳುವುದು ಒಟ್ಟೊಟ್ಟಿಗೆ ಬರುತ್ತವೆ. 'ಹೀಟು' ಅವುಗಳಲ್ಲಿ ಅರ್ಧವನ್ನು ಒಂದೇ ಮಾತಲ್ಲಿ ಹಿಡಿಯುತ್ತದೆ, ಅದು ಅದರ ಗುಣ. ದೋಷ ಏನೆಂದರೆ, ಹೀಟು ಅಂದ ಕೂಡಲೇ ಮದ್ದೂ ಗೊತ್ತಾಗಿಬಿಡುತ್ತದೆ: ಎಳನೀರು, ಮಜ್ಜಿಗೆ, ಚೊಂಬುಗಟ್ಟಲೆ ನೀರು. ಪ್ರಾಸ್ಟೇಟ್ ತೊಂದರೆ ಇರುವ ಅಜ್ಜನಿಗೆ ಮೂತ್ರ ಕಟ್ಟಿಕೊಂಡರೆ ಇದ್ಯಾವುದೂ ಕೆಲಸಕ್ಕೆ ಬಾರದು, ಆಸ್ಪತ್ರೆಗೇ ಹೋಗಬೇಕು.

ಮಾತ್ರೆಗೇ ಜನ ಇಟ್ಟ ಹೆಸರು ಇನ್ನೊಂದು ಗೋಜಲು. 'ಖಿನ್ನತೆ ನಿವಾರಕ' ಬರೀ ಕಾಗದದ ಮೇಲೆ. ಬಾಯಲ್ಲಿ ಅದು ಟೆನ್ಷನ್ ಮಾತ್ರೆ, ನರದ ಮಾತ್ರೆ, ಹೆಚ್ಚಾಗಿ ನಿದ್ದೆ ಮಾತ್ರೆ. ಫ್ಲೂಆಕ್ಸೆಟಿನ್ ಎಂಬ ಖಿನ್ನತೆ ಮಾತ್ರೆ ಕೆಲವರಿಗೆ ನಿದ್ದೆ ಕೆಡಿಸುತ್ತದೆ, ಅದಕ್ಕೇ ಬೆಳಿಗ್ಗೆ ಕೊಡುತ್ತಾರೆ. ನಿದ್ದೆ ಮಾತ್ರೆ ಎಂದು ಹೆಸರು ಬಿದ್ದಮೇಲೆ ಬೆಳಿಗ್ಗೆ ಯಾರು ನುಂಗುತ್ತಾರೆ? ರಾತ್ರಿ ನುಂಗಿ, ಕಣ್ಣು ಬಿಟ್ಟುಕೊಂಡು ಮಲಗಿ, ಮಾರನೇ ದಿನ 'ಮಾತ್ರೆ ಕೆಲಸಾನೇ ಮಾಡಲ್ಲ' ಎಂದು ಬರುತ್ತಾರೆ. ನಿದ್ದೆ ಚೆನ್ನಾಗಿ ಬಂದ ದಿನ ಮಾತ್ರೆ ಬಿಡುವವರೂ ಇದ್ದಾರೆ.

ಈಗ ನನಗೆ ತುಂಬ ಬೇಕಾಗಿರುವ ಜಾಗಕ್ಕೆ ಬರುತ್ತೇನೆ: ತಲೆಸುತ್ತು. ಮಾತ್ರೆಯ ಹಾಳೆಗಳಲ್ಲಿ ಎಲ್ಲದಕ್ಕೂ ಇದೇ ಪದ ಹಾಕಿರುತ್ತಾರೆ. ನಮ್ಮಲ್ಲಿ ಇದಕ್ಕಿಂತ ನಯವಾಗಿ ಬೇರೆ ಮಾಡುವ ಮಾತುಗಳಿವೆ. ಮನೆಯೇ ಗಿರ್ರನೆ ತಿರುಗಿದರೆ ತಲೆಸುತ್ತು. ಕೂತವರು ಎದ್ದ ಕೂಡಲೇ ಕಣ್ಣ ಮುಂದೆ ಕಪ್ಪಾದರೆ ಕಣ್ಣುಕತ್ತಲೆ. ರೆಪ್ಪೆ ಭಾರವಾಗಿ ಮೈ ತೂಗಿದರೆ ಮಂಪರು, ಕೆಲವರ ಬಾಯಲ್ಲಿ ಜೊಂಪು. ಹಳೇ ಮಾತ್ರೆಗಳಲ್ಲಿ ಎದ್ದಾಗ ಬಿಪಿ ಇಳಿಯುವುದರಿಂದ ಬರುವುದು ಕಣ್ಣುಕತ್ತಲೆ. ಅದಕ್ಕೆ ಹೇಳಬೇಕಾದ ಬುದ್ಧಿಮಾತು: ಮೊದಲು ಹಾಸಿಗೆ ಮೇಲೆ ಕೂತು, ಆಮೇಲೆ ಏಳಿ. ಮಂಪರಿಗೆ ಬೇರೆ: ಬೈಕು ಬೇಡ, ಎಣ್ಣೆ ಹಾಕಲೇಬೇಡಿ. (ಎಣ್ಣೆ ಅಂದರೆ ಯಾವ ಎಣ್ಣೆ ಎಂದು ಹಾಸನದಲ್ಲಿ ಬಿಡಿಸಿ ಹೇಳಬೇಕಿಲ್ಲ.)

ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯ ತೋಟದವರಿಗೆ ಇದು ಜೀವದ ಪ್ರಶ್ನೆ. ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸು ಕೊಯ್ಯಲು ಏಣಿ ಹತ್ತಬೇಕು. ಒಂದು ಕೈಯಲ್ಲಿ ಬಳ್ಳಿ, ಸೊಂಟಕ್ಕೆ ಚೀಲ, ಕಾಲ ಕೆಳಗೆ ಬಿದಿರು. 'ತಲೆಸುತ್ತು ಬರಬಹುದು' ಎಂದು ಬರೆದರೆ ಅವರು ತಲೆಯಾಡಿಸಿ ಹತ್ತುತ್ತಾರೆ, ಯಾಕೆಂದರೆ ತಲೆ ಸುತ್ತುತ್ತಿಲ್ಲವಲ್ಲ, ಬರೀ ಜೊಂಪು. 'ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ಏಣಿ ಹತ್ತಬೇಡಿ' ಎಂದು ನೇರ ಬರೆಯುವುದೇ ವಾಸಿ ಎಂದು ನನ್ನ ಲೆಕ್ಕ. ಆದರೂ ಜೊಂಪು, ಮಂಪರು, ತೂಕಡಿಕೆ ಇವುಗಳಲ್ಲಿ ಅರಸೀಕೆರೆಯಿಂದ ಕಳಸದವರೆಗೆ ಎಲ್ಲರಿಗೂ ತಿಳಿಯುವುದು ಯಾವುದು?

ಸಂಕಟ ಇನ್ನೊಂದು ಇಕ್ಕಟ್ಟಿನ ಪದ. ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್‌ನಂಥ ಖಿನ್ನತೆ ಮಾತ್ರೆಗಳು ಮೊದಲ ಒಂದೆರಡು ವಾರ ಹೊಟ್ಟೆ ತೊಳಸುತ್ತವೆ, ಕೆಲವರಿಗೆ ಭೇದಿಯೂ ಆಗುತ್ತದೆ. ಊಟದ ಜೊತೆ ತೆಗೆದುಕೊಂಡರೆ ಎಷ್ಟೋ ವಾಸಿ. ಇದನ್ನು 'ಸಂಕಟ' ಎನ್ನುತ್ತಾರೆ. ಡಾಕ್ಟರ ಹತ್ತಿರ ಹೋಗುವಾಗ ಇದ್ದದ್ದೂ ಸಂಕಟವೇ! ಕಾಯಿಲೆಗೂ ಮಾತ್ರೆಗೂ ಒಂದೇ ಪದ ಆದರೆ ಯಾವುದು ಯಾವುದರಿಂದ ಎಂದು ಹೇಗೆ ಹೇಳುವುದು? ಸುಸ್ತು, ನಿದ್ದೆಗೇಡು, ತಲೆನೋವು ಎಲ್ಲಕ್ಕೂ ಇದೇ ಕಥೆ. ಹಾಳೆಯಲ್ಲಿ 'ಹೊಟ್ಟೆ ತೊಳಸುವುದು' ಎಂದು ಹಾಕಿದ್ದೇನೆ. ಓಕರಿಕೆಗೆ ಬಸುರಿಯ ನೆರಳು ಇದೆ ಎಂದು ಮನೆಯಲ್ಲಿ ಹೇಳಿದರು.

ಚಡಪಡಿಕೆಗೆ ಬಂದರೆ ಪದ ಸಿಕ್ಕಿದೆ, ತೂಕ ಸಾಲದು. ಕೆಲವರಿಗೆ ಮಾತ್ರೆ ಶುರುವಾದಾಗ ಅಥವಾ ಡೋಸ್ ಏರಿಸಿದಾಗ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು, ಕಾಲು ಸುಮ್ಮನಿರದು. ಇದು ಕಳವಳ ಅಲ್ಲ. ಕಳವಳ ಮನಸ್ಸಿನದು, ಇದು ಮೈಯದೂ ಹೌದು, ತಡೆಯಲಾಗದ ಹಿಂಸೆ. ಚಿಕ್ಕ ವಯಸ್ಸಿನವರಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಮಕ್ಕಳು ಮತ್ತು ಹದಿಹರೆಯದವರಲ್ಲಿ ಸಾಯುವ ಯೋಚನೆ ಹೆಚ್ಚಬಹುದು ಎಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2004ರಲ್ಲಿ ಈ ಮಾತ್ರೆಗಳಿಗೆಲ್ಲ ಕಪ್ಪು ಚೌಕದ ಎಚ್ಚರಿಕೆ (ಔಷಧಿಯ ಹಾಳೆಯ ಮೇಲಿನ ಅತಿ ಕಟುವಾದ ಎಚ್ಚರಿಕೆ) ಹಾಕಿಸಿತು. 2007ರಲ್ಲಿ ಅದನ್ನು 24 ವರ್ಷದವರೆಗೆ ಚಾಚಿತು. ನನ್ನ ಹಾಳೆಯಲ್ಲಿ ಮೊದಲು 'ಆತ್ಮಹತ್ಯೆಯ ಆಲೋಚನೆಗಳು' ಎಂದಿತ್ತು. ಯಾರೂ ಹಾಗೆ ಹೇಳಿಕೊಳ್ಳುವುದಿಲ್ಲ. 'ಜೀವ ಸಾಕಾಗಿದೆ', 'ನಾನು ಇರೋದೇ ಬೇಡ' ಎನ್ನುತ್ತಾರೆ. ಆ ಮಾತುಗಳನ್ನೇ ಹಾಕಿ, ಕೆಳಗೆ 'ಒಬ್ಬರೇ ಇರಬೇಡಿ, ಮನೆಯವರಿಗೆ ಹೇಳಿ, ಅವತ್ತೇ ಡಾಕ್ಟರಿಗೆ ತಿಳಿಸಿ' ಎಂದು ಬರೆದು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ದಪ್ಪ ಅಕ್ಷರದಲ್ಲಿ ಕೊಟ್ಟಿದ್ದೇನೆ. ಅಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ. ಇಷ್ಟರ ಬಗ್ಗೆ ನನಗೆ ಪ್ರಶ್ನೆ ಇಲ್ಲ.

ಪ್ರಶ್ನೆ ಇರುವುದು ಇದರ ಬಗ್ಗೆ: ಮಾತ್ರೆಯಿಂದ ದುಃಖ ಹೋಯಿತು, ಜೊತೆಗೆ ನಗುವೂ ಹೋಯಿತು. ಹೊಳೆನರಸೀಪುರ ಕಡೆಯ ಹೆಂಗಸೊಬ್ಬರು ಹೇಳಿದ್ದು, 'ಅಪ್ಪನ ತಿಥೀಲೂ ಅಳು ಬರ್ಲಿಲ್ಲ ಅಣ್ಣ, ಎಲ್ಲಾರೂ ಅಳ್ತಾವ್ರೆ, ನಾನು ಎಲೆ ಹಾಕ್ತಾ ಇದೀನಿ.' ಇದಕ್ಕೆ 'ಭಾವಶೂನ್ಯತೆ' ಎಂದು ಬರೆದರೆ ಕವಿತೆಯ ಸಾಲು ಆಗುತ್ತದೆ. 'ಮರಗಟ್ಟುವುದು' ಹತ್ತಿರ ಇದೆ, ಆದರೆ ಓದಿದವರು ಕೈಕಾಲು ಮರಗಟ್ಟುತ್ತದೆ ಎಂದುಕೊಳ್ಳುತ್ತಾರೆ. 'ಮನಸ್ಸು ಸಪ್ಪೆಯಾಗುವುದು' ಹೇಗೆ? ಸಪ್ಪೆ ಅಂದರೆ ಬೇಸರ ಎಂದೂ ಆಗುತ್ತದೆ, ಅದೇ ನನ್ನ ಅನುಮಾನ.

ಗಂಡ ಹೆಂಡತಿ ವಿಷಯಕ್ಕೂ ಮಾತಿಲ್ಲ. ಈ ಮಾತ್ರೆಗಳಲ್ಲಿ ಆಸೆ ಕುಗ್ಗುವುದು, ಮುಗಿಯುವುದು ತಡವಾಗುವುದು ಸಾಮಾನ್ಯ. ಗಂಡಸರು ಬಾಯಿ ಬಿಡದೆ ಮಾತ್ರೆ ಬಿಡುತ್ತಾರೆ. 'ಲೈಂಗಿಕ ನಿರಾಸಕ್ತಿ' ಎಂದು ಅಚ್ಚು ಹಾಕಿದರೆ ಹಾಳೆಯನ್ನು ಮಡಚಿ ಜೇಬಿಗಿಡುತ್ತಾರೆ, ಓದುವುದಿಲ್ಲ. ಒಬ್ಬರು 'ಸಂಸಾರದಲ್ಲಿ ಆಸಕ್ತಿ ಇಲ್ಲ' ಎಂದು ಸೂಚಿಸಿದರು. ಅದು ಮಠ ಸೇರುವವರ ಮಾತಾಯಿತು!

ವಯಸ್ಸಾದವರಿಗೆ ಒಂದು ಸಾಲು ಬೇಕು. ಈ ಮಾತ್ರೆಗಳಿಂದ, ಅದರಲ್ಲೂ ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ಜೊತೆಗಿದ್ದರೆ, ರಕ್ತದಲ್ಲಿ ಸೋಡಿಯಂ ಇಳಿಯಬಹುದು. ಆಗ ಮಾತು ತಪ್ಪುತ್ತದೆ, ನಡಿಗೆ ತಪ್ಪುತ್ತದೆ. ಮನೆಯವರು 'ಅರಳುಮರಳು, ವಯಸ್ಸಾಯ್ತಲ್ಲ' ಎಂದು ಬಿಟ್ಟುಬಿಡುತ್ತಾರೆ. ಇಲ್ಲೇ ಆ 'ಹೀಟು' ಸೇರಿಕೊಂಡು ಇನ್ನಷ್ಟು ನೀರು ಕುಡಿಸಿದರೆ ಸೋಡಿಯಂ ಮತ್ತೂ ಇಳಿಯುತ್ತದೆ. 'ಮಾತ್ರೆ ಶುರುವಾದ ಮೇಲೆ ಬಂದ ಅರಳುಮರಳು ವಯಸ್ಸಿನದು ಎಂದುಕೊಳ್ಳಬೇಡಿ, ರಕ್ತ ಪರೀಕ್ಷೆ ಮಾಡಿಸಿ' ಎಂದು ಬರೆದಿದ್ದೇನೆ. ಹಿರಿಯರಿಗೆ ಅವಮಾನ ಅನ್ನಿಸುತ್ತದಾ?

ಕೊನೆಗೆ ಮಾತ್ರೆ ಬಿಟ್ಟಾಗ ಆಗುವುದು. ಪರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಎರಡು ದಿನದೊಳಗೇ ತಲೆ ತಿರುಗುವುದು, ಸಿಡುಕು, ಕೆಟ್ಟ ಕನಸು, ತಲೆಯೊಳಗೆ ಕರೆಂಟ್ ಹೊಡೆದ ಅನುಭವ ಬರಬಹುದು. ಫ್ಲೂಆಕ್ಸೆಟಿನ್ ಮೈಯಲ್ಲಿ ವಾರಗಟ್ಟಲೆ ಉಳಿಯುವುದರಿಂದ ಅದರಲ್ಲಿ ಕಡಿಮೆ. ಆ ಕರೆಂಟಿಗೆ ಸಕಲೇಶಪುರದ ಹುಡುಗನೊಬ್ಬ ಕೊಟ್ಟ ಮಾತು ನನಗೆ ತುಂಬ ಹಿಡಿಸಿತು: 'ಐಬೆಕ್ಸ್ ಮುಟ್ದಂಗೆ ಚಟ್ ಅಂತದೆ.' ಆನೆಗೆ ಹಾಕುವ ಸೋಲಾರ್ ಬೇಲಿಗೆ ಅಲ್ಲಿ ಐಬೆಕ್ಸ್ ಎನ್ನುತ್ತಾರೆ. ಚನ್ನರಾಯಪಟ್ಟಣಕ್ಕೆ ಇದು ತಿಳಿಯಲಿಕ್ಕಿಲ್ಲ, ಅದಕ್ಕೆ 'ತಲೆಯಲ್ಲಿ ಶಾಕ್ ಹೊಡೆದ ಹಾಗೆ' ಎಂದೇ ಹಾಕುತ್ತೇನೆ.

ಒಟ್ಟು ಈ ತೊಂದರೆಗೆ ಏನನ್ನಬೇಕು? ಒಂದು ಅನುವಾದದಲ್ಲಿ 'ಹಿಂತೆಗೆತ ಲಕ್ಷಣಗಳು' ಎಂದು ನೋಡಿದೆ. ಹಿಂತೆಗೆಯುವುದು ನಾಮಪತ್ರವನ್ನು, ಮಾತ್ರೆಯನ್ನಲ್ಲ. ಜನ ಕೇಳುವುದು 'ಅಭ್ಯಾಸ ಬಿದ್ದೋಗುತ್ತಾ?' ಅವರ ಮನಸ್ಸಿನಲ್ಲಿರುವುದು ಚಟ. ಚಟದಲ್ಲಿ ಆಸೆ ಎಳೆಯುತ್ತದೆ, ದಿನದಿನಕ್ಕೆ ಜಾಸ್ತಿ ಬೇಕಾಗುತ್ತದೆ. ಈ ಮಾತ್ರೆಯಲ್ಲಿ ಅದಿಲ್ಲ. ಗೊಂದಲಕ್ಕೆ ಕಾರಣವೂ ಇದೆ: ಇದರ ಜೊತೆ ಮೊದಲ ವಾರಗಳಿಗೆ ಕ್ಲೊನಾಜೆಪಾಮ್ ಎಂಬ ಆತಂಕ ತಗ್ಗಿಸಿ ನಿದ್ದೆ ಬರಿಸುವ ಮಾತ್ರೆ ಬರೆಯುವುದುಂಟು, ಎರಡೂ ಸೇರಿದ ಒಂದೇ ಮಾತ್ರೆಯೂ ಸಿಗುತ್ತದೆ. ಕ್ಲೊನಾಜೆಪಾಮ್ ನಿಜಕ್ಕೂ ಚಟ ಹಿಡಿಸಬಲ್ಲದು.

ನನಗೆ ಹೊಳೆದದ್ದು 'ಒಗ್ಗು'. ಮಾತ್ರೆಗೆ ಮೈ ಒಗ್ಗಿರುತ್ತದೆ, ಒಮ್ಮೆಲೇ ಬಿಟ್ಟರೆ ತಡೆಯದು, ಡಾಕ್ಟರು ಹೇಳಿದ ಹಾಗೆ ಸ್ವಲ್ಪಸ್ವಲ್ಪ ಇಳಿಸಬೇಕು. ಇಲ್ಲಿ ಚಟದ ಕಳಂಕ ಇಲ್ಲ. ಶುರುವಿಗೂ ಇದೇ ಪದ ಸಾಕು: ಒಗ್ಗಲು ಒಂದೆರಡು ವಾರ, ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ. ತೊಡಕು ಒಂದೇ. 'ನಂಗೆ ಆ ಮಾತ್ರೆ ಒಗ್ಗಲಿಲ್ಲ' ಎಂದರೆ ನಮ್ಮಲ್ಲಿ ಮುಗಿಯಿತು, ಮೂರನೇ ದಿನಕ್ಕೇ ಮಾತ್ರೆ ತಿಪ್ಪೆಗೆ. ಮಾತ್ರೆ ನಮಗೆ ಒಗ್ಗುವುದು ಒಂದು, ಮೈ ಮಾತ್ರೆಗೆ ಒಗ್ಗುವುದು ಇನ್ನೊಂದು. ಮೊದಲನೆಯದು ತೀರ್ಪು, ಎರಡನೆಯದಕ್ಕೆ ಟೈಮ್ ಬೇಕು. ಈ ಎರಡನ್ನು ಒಂದೇ ಪುಟದಲ್ಲಿ ಬಳಸಿದರೆ ಓದುವವರು ಗಲಿಬಿಲಿಯಾಗುತ್ತಾರಾ, ಅಥವಾ ಮಾತಿನ ಓಟದಲ್ಲಿ ತಾನೇ ಬೇರೆಯಾಗುತ್ತದಾ? ಎರಡನೆಯದಕ್ಕೆ 'ಹೊಂದಿಕೊಳ್ಳುವುದು' ಎಂದು ಹಾಕಬಹುದು, ಆದರೆ ಅದು ಅತ್ತೆ ಸೊಸೆಗೆ ಹೇಳುವ ಬುದ್ಧಿವಾದದ ಹಾಗೆ ಕೇಳುತ್ತದೆ.

ಚಿಕ್ಕಮಗಳೂರು, ಕಡೂರು, ತರೀಕೆರೆ ಕಡೆಯವರು ದಯವಿಟ್ಟು ಉತ್ತರಿಸಿ. ನಿಘಂಟಿನ ಪದ ಬೇಡ, ನಿಮ್ಮ ಮನೆಯಲ್ಲಿ ಅಜ್ಜಿ ಏನನ್ನುತ್ತಾರೆ ಎಂದು ಕೇಳಿ ಬರೆಯಿರಿ. ಮೆಣಸು ಕೊಯ್ಲಿಗೆ ಮುಂಚೆ ಹಾಳೆ ಪ್ರಿಂಟಿಗೆ ಕೊಡಬೇಕು. 'ಜೊಂಪು' ಮತ್ತು 'ಒಗ್ಗು' ಇವೆರಡರ ಉತ್ತರ ಮೊದಲು ಸಿಕ್ಕರೆ ಒಳ್ಳೆಯದು, ಉಳಿದವಕ್ಕೆ ನಿಧಾನವಾದರೂ ಅಡ್ಡಿಯಿಲ್ಲ.